ಹೊಸದೋ, ಸೆಕೆಂಡ್ ಹ್ಯಾಂಡೋ? ಮೊದಲು ಆ ‘ಬರೀ 14 ಸಾವಿರ’ವನ್ನು ಪಕ್ಕಕ್ಕಿಡಿ

ಪ್ರಶ್ನೆ: ಸರ್, ದಿನಾ ಬನಶಂಕರಿಯಿಂದ ವೈಟ್‌ಫೀಲ್ಡಿಗೆ ಹೋಗಿಬರಬೇಕು. ಓಡಿಸಿದರೆ ಖುಷಿ ಕೊಡುವ ಗಾಡಿಯೇ ಬೇಕು. ಹೊಸ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಕಾರು ತಗೊಳ್ಳಲಾ, ಅಥವಾ ಅದೇ ದುಡ್ಡಿಗೆ ಸಿಗುತ್ತಿರುವ 2018ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ತಗೊಳ್ಳಲಾ? ಸಿಂಗಲ್ ಓನರ್, ಬರೀ 14 ಸಾವಿರ ಕಿಲೋಮೀಟರ್ ಓಡಿದೆ, ಶೋರೂಂ ಕಂಡೀಷನ್.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ರಿಪೇರಿಗೆಂದು ಎರಡು-ಮೂರು ಲಕ್ಷ ಬೇರೆ ಎತ್ತಿಡಲು ಆಗುವುದಾದರೆ, ಗಾಡಿ ಗ್ಯಾರೇಜಿನಲ್ಲಿ ನಿಂತ ವಾರ ಆಫೀಸಿಗೆ ಹೋಗಲು ಬೇರೆ ದಾರಿ ಇದ್ದರೆ, ಆರ್‌ಎಸ್. ಎರಡರಲ್ಲಿ ಒಂದು ಇಲ್ಲದಿದ್ದರೂ ಹೊಸ ವರ್ಟಸ್. ಸ್ಪೋರ್ಟ್ಸ್ ಕಾರೆಂದರೆ ಎರಡೇ ಬಾಗಿಲಿರಬೇಕು ಎಂದು ವಾದಿಸುವವರ ಜೊತೆ ನನಗೆ ಜಗಳವಿಲ್ಲ. ದಿನಾ ಓಡಿಸುವವರಿಗೆ ನಮ್ಮಲ್ಲಿ ಕೈಗೆಟುಕುವುದು ಇಂಥವೇ. ವರ್ಟಸ್‌ಗೆ 150 ಕುದುರೆ ಬಲ, ಆರ್‌ಎಸ್‌ಗೆ 230.

ಆದರೆ ಆ ‘ಬರೀ 14 ಸಾವಿರ’ಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ. ನನಗೆ ಬರುವ ಪ್ರಶ್ನೆಗಳಲ್ಲಿ ಊರು ಬೇರೆ, ಮಾಡೆಲ್ ಬೇರೆ, ಬಜೆಟ್ ಬೇರೆ. ‘ಕಡಿಮೆ ಓಡಿದೆ, ಹೊಸದರ ಹಾಗೇ ಇದೆ’ ಎಂಬ ಮಾತು ಮಾತ್ರ ಎಲ್ಲದರಲ್ಲೂ ಒಂದೇ. ಎದುರಿಗೆ ಕೂರಿಸಿಕೊಂಡು ಹೇಳಿದ್ದೇನೆ, ಫೋನಿನಲ್ಲಿ ಹೇಳಿದ್ದೇನೆ. ಕೇಳಿಸಿಕೊಂಡು ತಲೆಯಾಡಿಸಿ, ಮರುವಾರ ಅಂಥದ್ದೇ ಗಾಡಿಗೆ ಅಡ್ವಾನ್ಸ್ ಕೊಟ್ಟು ಬಂದವರಿದ್ದಾರೆ. ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ.

ಲೆಕ್ಕ ಹಾಕಿ. ಎಂಟು ವರ್ಷಕ್ಕೆ 14 ಸಾವಿರ ಎಂದರೆ ತಿಂಗಳಿಗೆ ಸುಮಾರು ನೂರೈವತ್ತು ಕಿಲೋಮೀಟರ್. ಒಂದೋ ಗಾಡಿ ವಾರಗಟ್ಟಲೆ ಕವರ್ ಹೊದ್ದು ನಿಂತಿತ್ತು, ಇಲ್ಲವೇ ಮನೆಯಿಂದ ಎರಡು ಕಿಲೋಮೀಟರ್ ದೂರಕ್ಕೆ ಹೋಗಿ ಬಂದು ನಿಲ್ಲುತ್ತಿತ್ತು. ಎರಡೂ ಟರ್ಬೊ ಎಂಜಿನ್ನಿಗೆ, ಅಂದರೆ ಗಾಳಿಯನ್ನು ಒತ್ತಿ ತುಂಬಿ ಬಲ ಹೆಚ್ಚಿಸುವ ಇಂಥ ಎಂಜಿನ್ನಿಗೆ, ಒಳ್ಳೆಯದಲ್ಲ. ಎಂಜಿನ್ ಆಯಿಲ್ ಸರಿಯಾಗಿ ಬಿಸಿಯಾಗಲು ಹತ್ತು-ಹದಿನೈದು ನಿಮಿಷವಾದರೂ ಬೇಕು. ಅದಕ್ಕೆ ಮುಂಚೆಯೇ ಎಂಜಿನ್ ಆಫ್ ಮಾಡಿದರೆ ಒಳಗೆ ಹನಿಗಟ್ಟಿದ ನೀರು ಆವಿಯಾಗದೆ ಆಯಿಲಿನಲ್ಲೇ ಉಳಿಯುತ್ತದೆ, ಸುಡದ ಪೆಟ್ರೋಲೂ ಇಳಿದು ಬೆರೆಯುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ ಎಂಜಿನ್ನಾದರೆ ಗಾಳಿ ಒಳಬರುವ ವಾಲ್ವನ್ನು ಪೆಟ್ರೋಲ್ ತೊಳೆಯುವುದೇ ಇಲ್ಲ. ಚಿಕ್ಕ ಚಿಕ್ಕ ಓಡಾಟದಲ್ಲಿ ಅಲ್ಲಿ ಕಪ್ಪು ಕಟ್ಟುತ್ತಾ ಹೋಗುತ್ತದೆ.

ಇನ್ನು ಕಿಲೋಮೀಟರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಕ್ಯಾಲೆಂಡರ್ ನೋಡಿಕೊಂಡು ಹಾಳಾಗುವ ವಸ್ತುಗಳಿವೆ. ಟೈರಿನ ಪಕ್ಕೆಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2318 ಎಂದಿದ್ದರೆ 2018ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೆರೆಗಳು ಎಷ್ಟು ಆಳವಿದ್ದರೂ ಆ ರಬ್ಬರ್ ಗಟ್ಟಿಯಾಗಿದೆ, ಮಳೆಯಲ್ಲಿ ರಸ್ತೆ ಹಿಡಿಯುವುದಿಲ್ಲ. ಸಸ್ಪೆನ್ಷನ್ನಿನ ರಬ್ಬರ್ ಬುಷ್, ಎಂಜಿನ್ ತಣಿಸುವ ಕೂಲೆಂಟಿನ ಪೈಪು, ಬ್ಯಾಟರಿ ಎಲ್ಲದರ ಕಥೆಯೂ ಇದೇ. ನಿಂತ ಗಾಡಿಯ ವೈರನ್ನು ಇಲಿ ಕಡಿಯುವುದು ನಿಮಗೆ ಗೊತ್ತಿರುವುದೇ.

ಎಲ್ಲಕ್ಕಿಂತ ನನಗೆ ಭಯ ಬ್ರೇಕ್ ಆಯಿಲಿನದು. ನನ್ನ ದೊಡ್ಡಮ್ಮನ ಮಗ ಒಂಬತ್ತು ವರ್ಷ ಹಳೆಯ, 11 ಸಾವಿರ ಓಡಿದ ಕೂಪೆ (ಎರಡು ಬಾಗಿಲಿನ ಕಾರು) ತಂದ. ಎರಡನೇ ಭಾನುವಾರ ನಂದಿ ಬೆಟ್ಟದಿಂದ ಇಳಿಯುವಾಗ ತಿರುವಿನ ಮೇಲೆ ತಿರುವು, ಬ್ರೇಕಿನ ಮೇಲೆ ಬ್ರೇಕು. ಅರ್ಧ ದಾರಿಯಲ್ಲಿ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಯಿತು. ಪಕ್ಕದ ಸೀಟಿನಲ್ಲಿ ನಾನಿದ್ದೆ. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆಯುತ್ತಾ ಹೇಗೋ ನಿಲ್ಲಿಸಿದ. ಆಮೇಲೆ ಫೈಲು ತೆಗೆದು ನೋಡಿದರೆ, ಒಂಬತ್ತು ವರ್ಷದಲ್ಲಿ ಒಮ್ಮೆಯೂ ಬ್ರೇಕ್ ಆಯಿಲ್ ಬದಲಾಯಿಸಿದ ಬಿಲ್ಲಿಲ್ಲ. ‘ಗಾಡಿ ಓಡಿಯೇ ಇಲ್ಲವಲ್ಲ’ ಅನ್ನುವುದು ಹಳೇ ಓನರ್ ಕೊಟ್ಟ ಕಾರಣ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಗಾಡಿ ನಿಂತಿದ್ದರೂ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಕುಡಿದ ಆಯಿಲಿಗೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಕುದಿದಾಗ ಗುಳ್ಳೆ ಏಳುತ್ತದೆ, ಒತ್ತಡವೆಲ್ಲ ಗುಳ್ಳೆಯನ್ನು ಅಮುಕುವುದಕ್ಕೇ ಹೋಗಿ ಚಕ್ರಕ್ಕೆ ಮುಟ್ಟುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎನ್ನುವುದು ಅದಕ್ಕೆ.

ಇನ್ನೊಂದು ಲೆಕ್ಕ ಕೊಟ್ಟು ಈ ವಿಷಯ ಮುಗಿಸುತ್ತೇನೆ. ನಗರಗಳ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ ಬೇಕಿತ್ತು. ಅಂದರೆ ಗಂಟೆಗೆ ಹದಿನೇಳು-ಹದಿನೆಂಟು ಕಿಲೋಮೀಟರ್. ಊರೊಳಗೇ 20 ಸಾವಿರ ಓಡಿದ ಎಂಜಿನ್ ಹೆಚ್ಚುಕಡಿಮೆ 1,130 ಗಂಟೆ ತಿರುಗಿದೆ. ವಾರವಾರ ಹುಬ್ಬಳ್ಳಿಗೆ ಹೋಗಿಬಂದು 60 ಸಾವಿರ ಓಡಿದ್ದು, ಗಂಟೆಗೆ ಎಪ್ಪತ್ತರ ಸರಾಸರಿ ಹಿಡಿದರೆ, 860 ಗಂಟೆಯೂ ತಿರುಗಿಲ್ಲ. ಮೀಟರ್ ರಸ್ತೆ ಎಣಿಸುತ್ತದೆ, ದುಡಿಮೆ ಎಣಿಸುವುದಿಲ್ಲ. ಅದೂ ಆ ಮೀಟರನ್ನು ಯಾರೂ ಹಿಂದಕ್ಕೆ ತಿರುಗಿಸಿಲ್ಲ ಅಂದುಕೊಂಡರೆ! ಪ್ರತಿ ಸರ್ವಿಸ್ ಬಿಲ್ಲಿನಲ್ಲೂ ಕಿಲೋಮೀಟರ್ ಬರೆದಿರುತ್ತಾರೆ, ಒಂದರ ಪಕ್ಕ ಒಂದಿಟ್ಟು ಓದಿ. ವರ್ಷಕ್ಕೆ ಎಂಟು-ಹತ್ತು ಸಾವಿರ ಓಡಿ, ಬಿಲ್ಲುಗಳ ದಪ್ಪ ಫೈಲಿರುವ ಆರ್‌ಎಸ್ ಸಿಕ್ಕರೆ ಕಣ್ಣು ಮುಚ್ಚಿ ಬೇಡ, ಕಣ್ಣು ಬಿಟ್ಟುಕೊಂಡೇ ತಗೊಳ್ಳಿ.

ದುಡ್ಡಿನ ವಿಷಯದಲ್ಲಿ ಹಳೆಯದರ ಲಾಭ ನಿಜ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ಜೀವಿತಾವಧಿ ತೆರಿಗೆ ಸೆಸ್ ಸೇರಿ ಹತ್ತಿರ ಹತ್ತಿರ ಶೇ 19, ಇಪ್ಪತ್ತು ದಾಟಿದರೆ ಶೇ 20. ಇಲ್ಲೇ ನೋಂದಣಿಯಾದ ಹಳೇ ಗಾಡಿಗೆ ಅದನ್ನು ಮೊದಲನೆಯವರು ಕಟ್ಟಿಯಾಗಿದೆ. ಬೇರೆ ರಾಜ್ಯದ ನಂಬರ್ ಅಗ್ಗ ಎಂದು ಹೋದರೆ ವಯಸ್ಸಿನ ಲೆಕ್ಕದಲ್ಲಿ ಇಲ್ಲೂ ಕಟ್ಟಬೇಕು. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಫೆರಾರಿಯೊಂದಕ್ಕೆ ಸಾರಿಗೆ ಇಲಾಖೆ ಸುಮಾರು 1.4 ಕೋಟಿ ಕಟ್ಟಿಸಿಕೊಂಡಿತು. ಹೊಸದರ ಪರವಾಗಿ ವಾರಂಟಿ ಇದೆ, ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲಿಗೆ ತಕ್ಕ ಪೈಪು-ಸೀಲುಗಳಿವೆ. 2023ರ ಏಪ್ರಿಲ್‌ಗೆ ಮುಂಚಿನ ಬಹಳಷ್ಟು ಗಾಡಿಗಳನ್ನು ಆ ಪೆಟ್ರೋಲ್ ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ.

ನೀವು ಹಂಪಿನ ಬಗ್ಗೆ ಕೇಳಿಲ್ಲ, ಕೇಳಬೇಕಿತ್ತು. ‘ನಮ್ಮ ರಸ್ತೆಗೆ ತಗ್ಗಿನ ಗಾಡಿ ಆಗಲ್ಲ’ ಎನ್ನುತ್ತಾರೆ. ರಸ್ತೆಗಳಿಗೆ ಮಾನದಂಡ ಹಾಕಿಕೊಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಅಳತೆ ಪ್ರಕಾರ ಹಂಪ್ ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ವರ್ಟಸ್‌ನ ಮುಂದಿನ-ಹಿಂದಿನ ಚಕ್ರದ ನಡುವಿನ ದೂರ ಸುಮಾರು 2.65 ಮೀಟರ್. ಹೈಸ್ಕೂಲಿನ ವೃತ್ತದ ಲೆಕ್ಕ ಸಾಕು: ಎರಡೂ ಚಕ್ರ ಕಮಾನಿನ ಮೇಲಿದ್ದಾಗ ನಡುವೆ ಉಬ್ಬುವುದು ಐದು ಸೆಂಟಿಮೀಟರ್ ಚಿಲ್ಲರೆ ಮಾತ್ರ. ಅಳತೆಗೆ ತಕ್ಕ ಹಂಪನ್ನು ನೆಲಕ್ಕೂ ಹೊಟ್ಟೆಗೂ ಹನ್ನೆರಡೇ ಸೆಂಟಿಮೀಟರ್ ಅಂತರವಿರುವ ಗಾಡಿಯೂ ನಿಧಾನವಾಗಿ ದಾಟುತ್ತದೆ. ಹೊಟ್ಟೆ ಉಜ್ಜುವುದು, ರಾತ್ರೋರಾತ್ರಿ ಒಂದೂವರೆ ಅಡಿ ಅಗಲಕ್ಕೆ ಗುಡ್ಡೆ ಹಾಕಿದ ಬಡಾವಣೆಯ ಹಂಪಿಗೆ. ನಿಮ್ಮ ರಸ್ತೆಯಲ್ಲಿ ಅಂಥವು ಎಷ್ಟಿವೆ ಎಂದು ನಿಮಗೇ ಗೊತ್ತು. ಅಡ್ವಾನ್ಸ್ ಕೊಡುವ ಮುಂಚೆ, ಹಿಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸಿಕೊಂಡು ಗಾಡಿಯನ್ನು ಆ ರಸ್ತೆಗೆ ಒಮ್ಮೆ ತನ್ನಿ, ಅಪಾರ್ಟ್‌ಮೆಂಟ್ ಆದರೆ ಬೇಸ್‌ಮೆಂಟಿಗೂ ಇಳಿಸಿ ಹತ್ತಿಸಿ.