ರಬ್ಬರಿಗೆ ಪಂಚಾಂಗ ಗೊತ್ತಿಲ್ಲ

ಏಪ್ರಿಲ್ ನಡುವಿನ ಒಂದು ಶನಿವಾರ. ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಹೊರಟಾಗ ಎಳೆಬಿಸಿಲು, 11 ಡಿಗ್ರಿ. ಜಾಕೆಟ್ ಬಿಚ್ಚಿ ಹಿಂದಿನ ಸೀಟಿಗೆ ಎಸೆದಿದ್ದೆ. ಊಲ್ಮ್ ಕಡೆ ಹೋಗುವ ಎ8 ಹೆದ್ದಾರಿ ಶ್ವೇಬಿಷ್ ಆಲ್ಬ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯನ್ನು ಹತ್ತುತ್ತದೆ. ಚಾರ್ಮಾಡಿಯಷ್ಟು ತಿರುವುಗಳಿಲ್ಲ, ಆದರೂ ಘಾಟಿ ಘಾಟಿಯೇ. ಅರ್ಧ ಹತ್ತಿದ್ದೆನೋ ಇಲ್ಲವೋ, ಡ್ಯಾಶ್‌ಬೋರ್ಡ್ ‘ಟಿಂಗ್’ ಅಂದಿತು. 4 ಡಿಗ್ರಿ, ಪಕ್ಕದಲ್ಲಿ ಹಿಮದ ಹರಳಿನ ಗುರುತು. ಮೇಲೆ ತಲುಪುವಷ್ಟರಲ್ಲಿ 1 ಡಿಗ್ರಿ, ರಸ್ತೆಯ ಮೇಲೆ ಗಂಜಿಯಂಥ ಹಿಮ. ಎತ್ತರ ಕಿತ್ತುಕೊಂಡದ್ದು 3 ಡಿಗ್ರಿ ಇರಬಹುದು, ಉಳಿದದ್ದು ಆ ಹೊತ್ತಿಗೆ ಸರಿಯಾಗಿ ನುಗ್ಗಿದ ಶೀತಗಾಳಿಯ ಕೆಲಸ. ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗಿತು, ಕಾರು ತನ್ನ ಪಾಡಿಗೆ ತಾನು ಜಾರುತ್ತಲೇ ಹೋಯಿತು. ಮುಂದೆ ಯಾರೂ ಇರಲಿಲ್ಲ, ಬಚಾವಾದೆ.

ಬೇಸಿಗೆ ಟೈರ್ ಹಾಕಿಸಿ ಆಗ ಬರೀ ಎರಡು ವಾರ.

ಜರ್ಮನಿಯಲ್ಲಿ ಇದಕ್ಕೊಂದು ಜನಜನಿತ ಸೂತ್ರವಿದೆ: ‘ಫಾನ್ ಓ ಬಿಸ್ ಓ’. ಓಕ್ಟೋಬರ್‌ನಿಂದ ಓಸ್ಟರ್ನ್, ಅಂದರೆ ಈಸ್ಟರ್‌ವರೆಗೆ, ಚಳಿಗಾಲದ ಟೈರ್. ಆದರೆ ಈಸ್ಟರ್ ನಮ್ಮ ಯುಗಾದಿಯ ಹಾಗೆ ಚಂದ್ರನನ್ನು ನಂಬಿದ ಹಬ್ಬ. ವಸಂತ ವಿಷುವದ ನಂತರದ ಹುಣ್ಣಿಮೆ ನೋಡಿ ಅದರ ಮುಂದಿನ ಭಾನುವಾರ ಬರುವುದು. ಹಾಗಾಗಿ ಮಾರ್ಚ್ 22ಕ್ಕೂ ಬೀಳಬಹುದು, ಏಪ್ರಿಲ್ 25ಕ್ಕೂ ಬೀಳಬಹುದು. ಚಂದ್ರನ ಲೆಕ್ಕದಲ್ಲಿ ಟೈರ್ ಬದಲಿಸುವವರು ನಾವು! ಸಾಲದ್ದಕ್ಕೆ ಇಲ್ಲಿನ ರೈತರಿಗೆ ‘ಐಸ್‌ಹೈಲಿಗೆ’ ಎಂಬ ಹಿಮದ ಸಂತರಿದ್ದಾರೆ. ಮೇ 11ರಿಂದ 15ರವರೆಗೆ ಆ ಸಂತರ ದಿನಗಳು, ಅವು ಕಳೆಯುವ ತನಕ ಟೊಮೇಟೊ ಸಸಿಯನ್ನು ಹೊರಗೆ ನೆಡಬಾರದು. ನಮ್ಮಲ್ಲಿ ರೋಹಿಣಿ ಮಳೆ, ಮೃಗಶಿರ ಮಳೆ ಅಂತ ನೋಡಿ ಬಿತ್ತುವ ಹಾಗೆಯೇ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅಮ್ಮ ನಕ್ಕರು. “ಕಾರಿಗೂ ಸ್ವೆಟರ್ ಹಾಕ್ತೀರೇನೋ ಅಲ್ಲಿ?” ಸ್ವೆಟರ್ ಅಲ್ಲಮ್ಮ, ಚಪ್ಪಲಿ ಅಂದೆ. ಆದರೆ ಟೈರ್ ಯಾಕೆ ಬದಲಾಯಿಸಬೇಕು ಅನ್ನುವುದಕ್ಕೆ ಆಗ ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. “ಚಳಿಗೆ ರಬ್ಬರ್ ಗಟ್ಟಿಯಾಗುತ್ತೆ” ಎಂದುಬಿಟ್ಟೆ. ಅರ್ಧ ಮಾತ್ರ ನಿಜ.

ಒಂದು ರಬ್ಬರ್ ಬ್ಯಾಂಡನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ಬೆಳಿಗ್ಗೆ ಎಳೆದು ನೋಡಿ. ಮೈನಸ್ 18ರಲ್ಲೂ ಅದು ಹಿಗ್ಗುತ್ತದೆ. ಸಹಜ ರಬ್ಬರ್ ಗಾಜಿನಂತೆ ಪೆಡಸಾಗಬೇಕಾದರೆ ಮೈನಸ್ 70ರ ಹತ್ತಿರ ಇಳಿಯಬೇಕು. ಹಾಗಿದ್ದರೆ ಸೊನ್ನೆ ಡಿಗ್ರಿಯ ಚಳಿ ಟೈರಿಗೆ ಏನು ಮಾಡೀತು?

ಉತ್ತರಕ್ಕೆ ಅಡುಗೆಮನೆಗೆ ಹೋಗಬೇಕು. ಚಿಕ್ಕಿಗೆಂದು ಬೆಲ್ಲದ ಪಾಕ ಕಾಯಿಸಿ ತಟ್ಟೆಗೆ ಸುರಿದು ಸ್ವಲ್ಪ ಆರಲು ಬಿಡಿ. ಬೆಚ್ಚಗಿರುವಾಗ ಮೆಲ್ಲಗೆ ಎಳೆದರೆ ಎಳೆಯಾಗಿ ಬರುತ್ತದೆ. ಅದೇ ಪಾಕವನ್ನು ಅದೇ ಕ್ಷಣದಲ್ಲಿ ಚಮಚದ ಹಿಡಿಯಿಂದ ಫಟ್ಟೆಂದು ಹೊಡೆಯಿರಿ, ಬಿರುಕು ಬಿಡುತ್ತದೆ. ಬಿಸಿ ಬದಲಾಗಿಲ್ಲ, ವೇಗ ಬದಲಾಗಿದೆ. ಅಣುಗಳಿಗೆ ಸರಿದುಕೊಳ್ಳಲು ಪುರುಸೊತ್ತು ಕೊಡದಿದ್ದರೆ ಮೆತ್ತನೆಯ ವಸ್ತುವೂ ಗಾಜಿನ ಹಾಗೆ ವರ್ತಿಸುತ್ತದೆ. ಪಾಕಕ್ಕೆ ಬೀಳುವ ಏಟಿನ ವೇಗ ಹೆಚ್ಚಿಸುವುದೂ ಒಂದೇ, ಪಾಕವನ್ನು ತಣ್ಣಗಾಗಿಸುವುದೂ ಒಂದೇ.

ಟೈರಿನ ಗುಟ್ಟೂ ಇದೇ. ನಮ್ಮೂರ ಪಂಚರ್ ಅಂಗಡಿಯವರು ‘ಬಟನ್’ ಅನ್ನುವ ಆ ರಬ್ಬರ್ ಗಟ್ಟಿಗಳು ಡಾಂಬರಿನ ಮೇಲೆ ಹಿಡಿತ ಪಡೆಯುವುದು ಜಲ್ಲಿಯ ಉಬ್ಬುತಗ್ಗುಗಳೊಳಗೆ ಇಳಿದು, ಮತ್ತೆ ಎದ್ದು, ಆ ಕುಲುಕಾಟದಲ್ಲಿ ಶಕ್ತಿಯನ್ನು ಶಾಖವಾಗಿ ನುಂಗಿಕೊಳ್ಳುವುದರಿಂದ. ಉಬ್ಬುಗಳು ಒಂದು ಸೆಂಟಿಮೀಟರ್‌ನಿಂದ ಹಿಡಿದು ಕಣ್ಣಿಗೆ ಕಾಣದಷ್ಟು ಸಣ್ಣ ಮೈಕ್ರಾನ್‌ಗಳವರೆಗೆ ಇವೆ. ಬ್ರೇಕ್ ಹಾಕಿ ರಬ್ಬರ್ ತುಸು ಜಾರಿದಾಗ ಈ ಉಬ್ಬುಗಳು ಅದನ್ನು ಸೆಕೆಂಡಿಗೆ ನೂರು ಬಾರಿಯಿಂದ ಹತ್ತು ಲಕ್ಷ ಬಾರಿಯ ತನಕ ಕುಲುಕುತ್ತವೆ. ಕುಲುಕಾಟ ಹತ್ತು ಪಟ್ಟು ಹೆಚ್ಚಿದರೆ ರಬ್ಬರಿನ ಪಾಲಿಗೆ ಅದು ಸುಮಾರು 7–8 ಡಿಗ್ರಿ ಚಳಿ ಹೆಚ್ಚಿದಂತೆ. ಸೆಕೆಂಡಿಗೆ 10 ಕುಲುಕಿನಲ್ಲಿ ಮೈನಸ್ 20ಕ್ಕೆ ಪೆಡಸಾಗುವ ರಬ್ಬರ್ ಮಿಶ್ರಣ, ಒಂದು ಲಕ್ಷ ಕುಲುಕಿನಲ್ಲಿ ಪ್ಲಸ್ 10ರ ಆಸುಪಾಸಿನಲ್ಲೇ ಪೆಡಸಾಗುತ್ತದೆ. ನಿಂತ ಕಾರಿನ ಟೈರನ್ನು ಒತ್ತಿ “ಮೆತ್ತಗೇ ಇದೆಯಲ್ಲ” ಅಂದುಕೊಂಡರೆ ಮೋಸಹೋದಂತೆ. ಬೆರಳು ಹೇಳುವುದು ನಿಧಾನದ ಕಥೆ, ಬ್ರೇಕ್ ಒತ್ತುವಾಗ ನಡೆಯುವುದು ಬೇರೆಯದೇ.

ಹಾಗೆಂದು ಯಾವಾಗಲೂ ಮೆತ್ತಗಿದ್ದರೆ ಒಳ್ಳೆಯದೇ? ಅಲ್ಲ. ಹಿಡಿತ ಹೆಚ್ಚು ಸಿಗುವುದು ಪೂರ್ತಿ ಮೆತ್ತಗಿರುವಾಗಲೂ ಅಲ್ಲ, ಪೂರ್ತಿ ಪೆಡಸಾದಾಗಲೂ ಅಲ್ಲ, ಎರಡರ ನಡುವಿನ ಹೊಸ್ತಿಲಲ್ಲಿ. ಆ ಹೊಸ್ತಿಲನ್ನು ಎಷ್ಟು ಡಿಗ್ರಿಗೆ ಇಡಬೇಕು ಎಂಬುದೇ ಟೈರ್ ರಸಾಯನಜ್ಞರ ತಲೆನೋವು. ಪ್ರಯೋಗಾಲಯದಲ್ಲಿ ಅವರು ಮಿಶ್ರಣದ ತುಣುಕೊಂದನ್ನು ಕುಲುಕಿ, 0 ಡಿಗ್ರಿಯಲ್ಲಿ ಎಷ್ಟು ಶಕ್ತಿ ನುಂಗುತ್ತದೆ ನೋಡುತ್ತಾರೆ. ಹೆಚ್ಚು ನುಂಗಿದರೆ ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿರುತ್ತದೆ. ಮತ್ತೆ 60 ಡಿಗ್ರಿಯಲ್ಲಿ ಅಳೆಯುತ್ತಾರೆ. ಇಲ್ಲಿ ಕಡಿಮೆ ನುಂಗಬೇಕು, ಇಲ್ಲದಿದ್ದರೆ ಉರುಳುವಾಗ ಇಂಧನ ಸುಮ್ಮನೆ ಶಾಖವಾಗಿ ಹೋಗುತ್ತದೆ. ಒಂದೇ ರಬ್ಬರು ಒಂದು ಕಡೆ ಹೊಟ್ಟೆಬಾಕ, ಇನ್ನೊಂದು ಕಡೆ ಉಪವಾಸಿ ಆಗಿರಬೇಕು. ಹಿಂದೆ ತುಂಬುತ್ತಿದ್ದ ಇಂಗಾಲದ ಮಸಿಯಿಂದ ಇದು ಅಷ್ಟಾಗಿ ಸಾಧ್ಯವಿರಲಿಲ್ಲ. 1992ರಲ್ಲಿ ಫ್ರಾನ್ಸಿನ ಟೈರ್ ಕಂಪನಿ ಮಿಶೆಲಿನ್ ಮಸಿಯ ದೊಡ್ಡ ಪಾಲನ್ನು ತೆಗೆದು ಸಿಲಿಕಾ ತುಂಬಿದ ಟೈರನ್ನು ಮಾರುಕಟ್ಟೆಗೆ ತಂದಿತು. ಮರಳಿನ ಮೂಲವಸ್ತುವೇ ಈ ಸಿಲಿಕಾ. ರಬ್ಬರ್ ಜೊತೆ ಅದು ತಾನಾಗಿ ಬೆರೆಯುವುದಿಲ್ಲ, ನಡುವೆ ಸೈಲೇನ್ ಎಂಬ ಜೋಡಿಸುವ ರಾಸಾಯನಿಕ ಬೇಕು. ವರ್ಷವಿಡೀ ಒಂದೇ ಸೆಟ್ಟಿನಲ್ಲಿ ಓಡಿಸುವ ಇಂದಿನ ‘ಎಲ್ಲ ಋತುವಿನ’ ಟೈರುಗಳು ಒಂದು ಮಟ್ಟಕ್ಕೆ ನಂಬಬಹುದಾದದ್ದು ಈ ಜೋಡಣೆಯಿಂದ.

ಈಗ ಆ ಪ್ರಸಿದ್ಧ 7 ಡಿಗ್ರಿಯ ವಿಷಯ. “7ಕ್ಕಿಂತ ಕೆಳಗೆ ಚಳಿಗಾಲದ ಟೈರ್” ಎಂದು ಅಂಗಡಿಯ ಗೋಡೆಯ ಮೇಲೆಲ್ಲ ಬರೆದಿರುತ್ತದೆ. ನೆನಪಿಡಲು ಸುಲಭ, ಮಾರಾಟಕ್ಕೂ ಅನುಕೂಲ. ಆದರೆ ಪಾಕಕ್ಕೆ ಗೆರೆ ಕೊರೆದಂಥ ಒಂದು ಡಿಗ್ರಿ ಇಲ್ಲದ ಹಾಗೆ ರಬ್ಬರಿಗೂ ಇಲ್ಲ. ಒಣ ರಸ್ತೆಯಲ್ಲಿ 5 ಡಿಗ್ರಿಗೆ ಒಳ್ಳೆಯ ಬೇಸಿಗೆ ಟೈರ್ ದಿಢೀರನೆ ಕೈಕೊಡುವುದಿಲ್ಲ. ಕೈಕೊಡುವುದು ಹಿಮ ಬಿದ್ದಾಗ. ಅಲ್ಲಿ ಮಿಶ್ರಣದಷ್ಟೇ ಮುಖ್ಯವಾದದ್ದು ಬಟನ್ ಮೇಲಿನ ಕೂದಲೆಳೆಯ ಸೀಳುಗಳು. ಚಳಿಗಾಲದ ಟೈರನ್ನು ಹತ್ತಿರದಿಂದ ನೋಡಿದರೆ ಪ್ರತಿ ಗಟ್ಟಿಯ ಮೇಲೂ ಅಂಕುಡೊಂಕಾದ ಹತ್ತಾರು ಗೀರುಗಳಿರುತ್ತವೆ. ಗಟ್ಟಿ ಬಾಗಿದಾಗ ಅವು ಬಾಯಿ ತೆರೆದು ಹಿಮವನ್ನು ಕಚ್ಚುತ್ತವೆ. ಕಚ್ಚಿದ ಹಿಮ ನೆಲದ ಹಿಮಕ್ಕೆ ಅಂಟುತ್ತದೆ. ಫಿನ್‌ಲ್ಯಾಂಡ್‌ನಲ್ಲಿ 1934ರಲ್ಲೇ ಲಾರಿಗಳಿಗೆಂದು ಚಳಿಗಾಲದ ಟೈರ್ ಮಾಡಿದ್ದರು. ರಸ್ತೆಗಳ ಹಿಮ ತೆಗೆಯುವ ಪದ್ಧತಿ ಇನ್ನೂ ಗಟ್ಟಿಯಾಗಿರದ ಕಾಲ ಅದು.

ಮಂಜುಗಡ್ಡೆಯದ್ದು ಇನ್ನೊಂದು ತಮಾಷೆ. ಮೈನಸ್ 15ರ ಮಂಜಿಗಿಂತ ಸೊನ್ನೆಯ ಹತ್ತಿರದ ಮಂಜೇ ಹೆಚ್ಚು ಜಾರುತ್ತದೆ, ಮೇಲೆ ನೀರಿನ ಪದರ ಇರುವುದರಿಂದ. ಅಂದರೆ ಕಡುಚಳಿಯ ಜನವರಿಗಿಂತ ಚಳಿಗೂ ಬೇಸಿಗೆಗೂ ನಡುವಿನ ಈ ಕಾಲವೇ ಕೆಲವೊಮ್ಮೆ ಕೆಟ್ಟದ್ದು. ಡ್ಯಾಶ್‌ಬೋರ್ಡ್ ತೋರಿಸುವುದೂ ಗಾಳಿಯ ತಾಪವನ್ನೇ ಹೊರತು ರಸ್ತೆಯದ್ದಲ್ಲ. ಮೋಡವಿಲ್ಲದ ರಾತ್ರಿ ರಸ್ತೆ ತನ್ನ ಶಾಖವನ್ನು ಆಕಾಶಕ್ಕೆ ಚೆಲ್ಲಿ ಗಾಳಿಗಿಂತ ತಣ್ಣಗಾಗುತ್ತದೆ. ಕೆಳಗೂ ಗಾಳಿಯಾಡುವ ಸೇತುವೆಗಳು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ.

ಜರ್ಮನಿಯ ಕಾನೂನು ಈ ವಿಷಯದಲ್ಲಿ ಜನಸೂತ್ರಕ್ಕಿಂತ ಜಾಣ. ಅದು ತಾರೀಖನ್ನೇ ಹೇಳುವುದಿಲ್ಲ. ರಸ್ತೆಯಲ್ಲಿ ಹಿಮ, ಗಂಜಿಹಿಮ, ಮಂಜುಗಡ್ಡೆ ಇದ್ದರೆ ತಕ್ಕ ಟೈರ್ ಇರಬೇಕು, ಜುಲೈ ಆದರೂ ಸರಿ. ಇಲ್ಲದಿದ್ದರೆ 60 ಯೂರೋ ದಂಡ, ಲೈಸೆನ್ಸ್ ಖಾತೆಗೆ ಒಂದು ಪಾಯಿಂಟ್. ಆ ಶನಿವಾರ ನಾನು ಜಾರಿದ್ದಷ್ಟೇ ಅಲ್ಲ, ತಪ್ಪಿತಸ್ಥನೂ ಆಗಿದ್ದೆ. ತಕ್ಕ ಟೈರ್ ಅಂದರೆ ಪಕ್ಕದ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವಂಥದ್ದು. ಆ ಗುರುತು ಸಿಗಬೇಕಾದರೆ ಹಿಮದ ಮೇಲೆ ಪರೀಕ್ಷೆ ಗೆದ್ದಿರಬೇಕು. ಹಳೆಯ ‘ಎಂ+ಎಸ್’ (ಮಡ್ + ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಕ್ಷರಗಳನ್ನು ತಯಾರಕರು ತಾವೇ ಹಾಕಿಕೊಳ್ಳಬಹುದಿತ್ತು. 2024ರ ಅಕ್ಟೋಬರ್‌ನಿಂದ ಬರೀ ಅವಷ್ಟೇ ಇದ್ದರೆ ಇಲ್ಲಿ ಬೆಲೆಯಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನನ್ನನ್ನು ಕೇಳಿದರೆ ತಿಂಗಳ ಸರಾಸರಿ ತಾಪ ನೋಡಬೇಡಿ, ನೀವು ನಿಜವಾಗಿ ಗಾಡಿ ಓಡಿಸುವ ಅತಿ ತಣ್ಣನೆಯ ಗಂಟೆ ಯಾವುದು ನೋಡಿ. ಬೆಳಿಗ್ಗೆ 6ಕ್ಕೆ ಕೆಲಸಕ್ಕೆ ಹೊರಡುವವರ ಏಪ್ರಿಲ್ ಬೇರೆ, 10ಕ್ಕೆ ಹೊರಡುವವರ ಏಪ್ರಿಲ್ ಬೇರೆ. ಮೂರೇ ಕಿಲೋಮೀಟರ್ ಹೋಗುವವರ ಟೈರ್ ಬೆಚ್ಚಗಾಗುವ ಮೊದಲೇ ಆಫೀಸು ಬಂದಿರುತ್ತದೆ. ರೈನ್ ಕಣಿವೆಯ ಊರಲ್ಲೇ ಸುತ್ತಾಡಿಕೊಂಡು, ಹಿಮ ಬಿದ್ದ ದಿನ ಟ್ರಾಮ್ ಹತ್ತುವವರಿಗೆ ಬೆಟ್ಟದ ಗುರುತಿರುವ ಎಲ್ಲ ಋತುವಿನ ಟೈರ್ ಧಾರಾಳವಾಗಿ ಸಾಕು. ನನ್ನ ಹಾಗೆ ವಾರಕ್ಕೊಮ್ಮೆ ಬೆಟ್ಟ ಹತ್ತುವವರಿಗೆ ಬೇಸಿಗೆಗೊಂದು, ಚಳಿಗೊಂದು, ಎರಡು ಸೆಟ್ಟೇ ಸರಿ. ಆದರೆ ಬದಲಿಸುವಾಗ ತಪ್ಪಿದರೂ ಚಳಿಗಾಲದ ಕಡೆಗೇ ತಪ್ಪಬೇಕು. 18 ಡಿಗ್ರಿಯ ಬಿಸಿಲಲ್ಲಿ ಚಳಿಗಾಲದ ಟೈರ್ ನಿಲ್ಲುವ ದೂರ ಕೆಲವು ಮೀಟರ್ ಹೆಚ್ಚೀತು, ಬೇಗ ಸವೆದೀತು. ಗಂಜಿಹಿಮದಲ್ಲಿ ಬೇಸಿಗೆ ಟೈರ್ ನಿಲ್ಲುವುದೇ ಇಲ್ಲ. ಜೂನ್‌ವರೆಗೂ ಚಳಿಗಾಲದ್ದರಲ್ಲೇ ತಿರುಗುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು. ಹಳೆಯ ಟೈರ್ ತೀರಿಸಲು ಬೇಸಿಗೆಯಲ್ಲಿ ಓಡಿಸುವುದು ಉಳಿತಾಯವಲ್ಲ.

ಸವೆತ ನೋಡಲು ನಾಣ್ಯ ಸಾಕು. ಒಂದು ಯೂರೋ ನಾಣ್ಯದ ಹಳದಿ ಅಂಚು 3 ಮಿಲಿಮೀಟರ್, ಎರಡು ಯೂರೋದ ಬಿಳಿ ಅಂಚು 4. ಎರಡು ಯೂರೋ ನಾಣ್ಯವನ್ನು ಗೆರೆಯಲ್ಲಿ ನಿಲ್ಲಿಸಿದಾಗ ಬಿಳಿ ಅಂಚು ಪೂರ್ತಿ ಮುಳುಗದಿದ್ದರೆ ಆ ಟೈರನ್ನು ಇನ್ನೊಂದು ಚಳಿಗಾಲಕ್ಕೆ ನಂಬಬೇಡಿ. ಕಾನೂನು 1.6 ಮಿಲಿಮೀಟರ್‌ವರೆಗೆ ಬಿಡುತ್ತದೆ, ಹಿಮ ಬಿಡುವುದಿಲ್ಲ.

ಕೊನೆಗೆ ಗಾಳಿ. ಇದು ಸ್ಟುಟ್‌ಗಾರ್ಟ್‌ಗೂ ನಮ್ಮೂರಿಗೂ ಒಂದೇ. 20 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿಸಿದಿರಿ ಅನ್ನಿ. ವಾತಾವರಣದ ಒತ್ತಡ ಸೇರಿಸಿದರೆ ಒಳಗಿರುವುದು ಸುಮಾರು 47.7. ತಾಪ ಸೊನ್ನೆಗೆ ಇಳಿದರೆ ಅದು 293ರಿಂದ 273 ಕೆಲ್ವಿನ್‌ನ ಪ್ರಮಾಣದಲ್ಲಿ ಕುಗ್ಗಿ 44.4 ಆಗುತ್ತದೆ, ಗೇಜಿನ ಮುಳ್ಳು 30ರ ಕೆಳಗೆ ನಿಲ್ಲುತ್ತದೆ. ಪಂಚರ್ ಇಲ್ಲ, ಸೋರಿಕೆ ಇಲ್ಲ, ಆದರೂ ಮೂರು ಪಿಎಸ್‌ಐ ಮಾಯ. ಬೆಂಗಳೂರಿನ ಮಧ್ಯಾಹ್ನದ ಬಿಸಿಲಲ್ಲಿ, ಓಡಿ ಬಂದ ಟೈರಿಗೆ ಅಳೆದು ಗಾಳಿ ಹಾಕಿಸಿದರೆ ಮರುದಿನ ಬೆಳಿಗ್ಗೆ ಆಗುವುದೂ ಇದೇ. ಕಳೆದ ಚಳಿಗಾಲ ಊರಿಗೆ ಬಂದಾಗ ಅಪ್ಪನ ಕಾರಿಗೆ ಬೆಳಿಗ್ಗೆ ಆರೂವರೆಗೆ, ಬೀದಿ ತುದಿಯ ಬಂಕಿನಲ್ಲಿ, ತಣ್ಣನೆಯ ಟೈರಿಗೆ ಗಾಳಿ ನೋಡಲು ಹೇಳಿದೆ. ಹುಡುಗ ಗೇಜ್ ಒತ್ತಿ “ನಾಲ್ಕರಲ್ಲೂ ಕಮ್ಮಿ ಇದೆ ಸಾರ್, ಇಷ್ಟು ಬೇಗ ಯಾರೂ ಬರಲ್ಲ” ಅಂದ. ಅಪ್ಪ ನನ್ನ ಕಡೆ ತಿರುಗಿ, “ನಿನ್ನೆ ಸಂಜೆಯಷ್ಟೇ ಹಾಕಿಸಿದ್ನಲ್ಲೋ” ಅಂದರು.