ಬ್ಯಾಕ್‌ಲಾಗ್ ಅಂದ್ರೆ ಬಾಕಿ ಅಲ್ಲ

ಮೊನ್ನೆ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿ ಗಂಗಾವತಿಯ ಭತ್ತದ ವ್ಯಾಪಾರಿಗಳಿಗೆ ಕನ್ನಡದಲ್ಲೇ ಮೆಸೇಜ್ ಕಳಿಸಿದೆ: ‘ನಿಮ್ಮ ಬೇಡಿಕೆಯನ್ನು ನಮ್ಮ ಬಾಕಿ ಕೆಲಸಗಳ ಪಟ್ಟಿಗೆ ಸೇರಿಸಲಾಗಿದೆ.’ ಕನ್ನಡ ಬಳಸಿದ್ದಕ್ಕೆ ಸಂತೋಷ. ಆದರೆ ಸಾಫ್ಟ್‌ವೇರ್‌ನವರು ಇಂಥ ಬೇಡಿಕೆಗಳನ್ನು ಬರೆದಿಡುವ ಪಟ್ಟಿಗೆ ಬ್ಯಾಕ್‌ಲಾಗ್ ಅನ್ನುತ್ತಾರೆ, ಅದನ್ನು ‘ಬಾಕಿ’ ಮಾಡಿದ್ದು ಇದು ಎಷ್ಟನೇ ಸಲವೋ. ಅದೂ ಯಾರ ಮುಂದೆ? ದಿನ ಬೆಳಗಾದರೆ ಬಾಕಿ ವಸೂಲಿಗೆ ಓಡಾಡುವ ಜನರ ಮುಂದೆ.

ಬಾಕಿ ಅರಬ್ಬಿಯಿಂದ ಬಂದ ಪದ. ಅಲ್ಲಿ ಅದಕ್ಕೆ ‘ಉಳಿದದ್ದು’ ಅಂತ ಅರ್ಥ, ಅಷ್ಟೇ. ನಮ್ಮಲ್ಲಿ ಜಮಾ, ಖರ್ಚು, ವಸೂಲಿಗಳ ಜೊತೆ ಅದು ಖಾತೆ ಪುಸ್ತಕ ಸೇರಿಕೊಂಡಿತು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು, ಕೊಪ್ಪಳದ ಕಡೆಯಂತೂ ಈ ಪದಗಳಿಲ್ಲದೆ ಯಾವ ಲೆಕ್ಕವೂ ಮುಗಿಯುವುದಿಲ್ಲ. ಇಲ್ಲಿ ಬಾಕಿ ಅಂದ್ರೆ ಒಬ್ಬರು ಕೊಡಬೇಕು, ಇನ್ನೊಬ್ಬರು ಕೇಳಬಹುದು. ಹಾಗಾಗಿ ಆ ಮೆಸೇಜ್ ಓದಿದ ವ್ಯಾಪಾರಿ ತಿಂಗಳು ಬಿಟ್ಟು ಫೋನ್ ಮಾಡುತ್ತಾರೆ. ಕಂಪನಿಗಲ್ಲ, ಊರಲ್ಲಿ ಸಾಫ್ಟ್‌ವೇರ್ ಹಾಕಿಕೊಟ್ಟ ನನ್ನಂಥವರಿಗೆ. ‘ಏನ್ರೀ, ನಮ್ದು ಬಾಕಿ ಐತಿ ಅಂದಿದ್ರಲ್ಲ, ಯಾವಾಗ ಕ್ಲಿಯರ್ ಮಾಡ್ತೀರಿ?’ ಅವರದೇನೂ ತಪ್ಪಿಲ್ಲ. ಬರೆದುಕೊಟ್ಟ ಪದಕ್ಕೆ ಇರುವ ಅರ್ಥವನ್ನೇ ಅವರು ಹಿಡಿದಿದ್ದಾರೆ.

ಬ್ಯಾಕ್‌ಲಾಗ್ ಅನ್ನುವ ಪದವೂ ನಮಗೆ ಹೊಸದಲ್ಲ, ತೊಂದರೆ ಇರುವುದೇ ಅಲ್ಲಿ. ಬಳ್ಳಾರಿಯ ಯಾವುದೇ ಇಂಜಿನಿಯರಿಂಗ್ ಹುಡುಗನನ್ನು ಕೇಳಿ, ‘ಎರಡು ಬ್ಯಾಕ್ ಉಳ್ಕೊಂಡಾವು’ ಅನ್ನುತ್ತಾನೆ. ಫೇಲಾದ ಆ ವಿಷಯಗಳನ್ನು ಪಾಸ್ ಮಾಡದೆ ಡಿಗ್ರಿ ಸಿಗುವುದಿಲ್ಲ. ಇನ್ನು ಬ್ಯಾಕ್‌ಲಾಗ್ ಹುದ್ದೆ ಅಂದ್ರೆ ಪರಿಶಿಷ್ಟ ಜಾತಿ, ಪಂಗಡಕ್ಕೆ ಮೀಸಲಾಗಿ ಭರ್ತಿಯಾಗದೆ ಉಳಿದದ್ದು. ಸರ್ಕಾರ ತುಂಬಲೇಬೇಕು, ತುಂಬದಿದ್ದರೆ ಕೇಳುವ ಹಕ್ಕಿದೆ. ಎರಡೂ ಕಡೆ ಅದು ಒಂದು ರೀತಿಯ ಸಾಲವೇ. ಸಾಫ್ಟ್‌ವೇರ್ ಕಂಪನಿಯ ಬ್ಯಾಕ್‌ಲಾಗ್ ಸಾಲ ಅಲ್ಲ. ಮುಂದೆ ಮಾಡಿದರೂ ಮಾಡಬಹುದು ಅನ್ನಿಸಿದ ಕೆಲಸಗಳ ಪಟ್ಟಿ. ಮಾಡದೆಯೂ ಇರಬಹುದು.

ಪದದ ಹುಟ್ಟು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕಂಪ್ಯೂಟರ್ ಕಲಿತವರು ‘ಲಾಗ್’ ಅಂದ ಕೂಡಲೇ ಲಾಗ್ ಫೈಲ್ ನೆನಪಿಸಿಕೊಂಡು, ಹಿಂದಿನದನ್ನೆಲ್ಲ ಬರೆದಿಟ್ಟ ದಾಖಲೆ ಅಂದುಕೊಳ್ಳುತ್ತಾರೆ. ಅದಲ್ಲ. ಇದು ನಿಜವಾದ ಕಟ್ಟಿಗೆ. ಚಳಿ ದೇಶದ ಮನೆಗಳಲ್ಲಿ ಗೋಡೆಗೆ ಹೊಂದಿಕೊಂಡ ಬೆಂಕಿ ಗೂಡು ಇರುತ್ತದಲ್ಲ, ಅದರ ಹಿಂಭಾಗದಲ್ಲಿ ಒಂದು ದಪ್ಪ ಕೊರಡು ಇಡುತ್ತಿದ್ದರು. ಅದೇ ಬ್ಯಾಕ್‌ಲಾಗ್. 17ನೇ ಶತಮಾನದ ಕೊನೆಯಿಂದಲೇ ಈ ಪದ ಬರಹದಲ್ಲಿ ಸಿಗುತ್ತದೆ. ಮುಂದೆ ಇಟ್ಟ ಸಣ್ಣ ಕಟ್ಟಿಗೆ ಬೇಗ ಉರಿದು ಹೋಗುತ್ತದೆ. ಹಿಂದಿನ ಕೊರಡು ನಿಧಾನಕ್ಕೆ ಕಾಯುತ್ತಾ, ಶಾಖವನ್ನು ಮುಂದಕ್ಕೆ ತಳ್ಳುತ್ತಾ, ಬೆಂಕಿ ಆರದಂತೆ ನೋಡಿಕೊಳ್ಳುತ್ತದೆ. ಇವತ್ತೇ ಸುಟ್ಟು ಮುಗಿಸಬೇಕು ಅಂತ ಅದನ್ನು ಯಾರೂ ಇಡುತ್ತಿರಲಿಲ್ಲ.

(ಲಾಗ್ ಬುಕ್ಕಿನ ಲಾಗ್ ಕೂಡ ಮೂಲದಲ್ಲಿ ಕಟ್ಟಿಗೆಯೇ. ಹಗ್ಗ ಕಟ್ಟಿದ ಮರದ ತುಂಡನ್ನು ಸಮುದ್ರಕ್ಕೆ ಎಸೆದು ಹಡಗಿನ ವೇಗ ಅಳೆದು, ಅದನ್ನು ಬರೆದಿಡುತ್ತಿದ್ದ ಪುಸ್ತಕ ಲಾಗ್ ಬುಕ್ ಆಯಿತು. ಹೀಗೆ ಎರಡೂ ಕಡೆ ಕಟ್ಟಿಗೆಯೇ ಇದ್ದರೂ ದಾರಿ ಬೇರೆ ಬೇರೆ.)

19ನೇ ಶತಮಾನದ ಕೊನೆಗೆ ಬ್ಯಾಕ್‌ಲಾಗ್ ಅಂದ್ರೆ ‘ಕಷ್ಟಕಾಲಕ್ಕೆ ಕೂಡಿಟ್ಟದ್ದು’ ಅನ್ನುವ ಅರ್ಥ ಬಂತು. ಪೂರೈಸದೆ ಉಳಿದ ಆರ್ಡರ್ ಅನ್ನುವ ಅರ್ಥ ಬಂದದ್ದು 20ನೇ ಶತಮಾನದಲ್ಲಿ. ಅಲ್ಲೂ ಅದು ಕೆಟ್ಟ ಸುದ್ದಿಯೇನಲ್ಲ. ಬೋಯಿಂಗ್, ಏರ್‌ಬಸ್‌ಗಳ ಆರ್ಡರ್ ಬ್ಯಾಕ್‌ಲಾಗ್‌ನಲ್ಲಿ ಸಾವಿರಾರು ವಿಮಾನಗಳಿವೆ. ವರ್ಷಗಟ್ಟಲೆ ಕೆಲಸ ಇದೆ ಅಂತ ಅವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಪರೀಕ್ಷೆ, ಕಡತಗಳ ಲೋಕಕ್ಕೆ ಬಂದ ಮೇಲೆ ಅದಕ್ಕೆ ನಾಚಿಕೆ ಅಂಟಿಕೊಂಡಿತು. ಸಾಫ್ಟ್‌ವೇರ್‌ನವರು ಬಳಸುವುದು ಹಳೆಯ ಕಟ್ಟಿಗೆಯ ಅರ್ಥಕ್ಕೆ ಹತ್ತಿರ. ಸಾಫ್ಟ್‌ವೇರ್ ತಂಡಗಳು ಸಣ್ಣ ಸಣ್ಣ ಸುತ್ತುಗಳಲ್ಲಿ ಕೆಲಸ ಮಾಡುವ ಸ್ಕ್ರಮ್ ಅನ್ನುವ ಪದ್ಧತಿಯ ಮಾರ್ಗದರ್ಶಿ 2011ರಲ್ಲಿ ಒಂದು ತಿದ್ದುಪಡಿ ಮಾಡಿತು. ಪ್ರಾಡಕ್ಟ್ ಬ್ಯಾಕ್‌ಲಾಗ್ ‘ಆದ್ಯತೆಯ ಪಟ್ಟಿ’ ಅನ್ನುತ್ತಿದ್ದದ್ದನ್ನು ‘ಕ್ರಮವಾಗಿ ಜೋಡಿಸಿದ ಪಟ್ಟಿ’ ಎಂದಿತು. ಆ ಪಟ್ಟಿ ಯಾವತ್ತೂ ಮುಗಿಯುವಂಥದ್ದಲ್ಲ. ಮುಗಿಯದ ಪಟ್ಟಿಯನ್ನು ಬಾಕಿ ಅಂದರೆ ಹೇಗೆ?

ಬಾಕಿ ಅಲ್ಲ ಅಂತ ಒಪ್ಪಿದವರು ಮುಂದಿನ ತಪ್ಪಿಗೆ ಹೋಗುತ್ತಾರೆ. ಅದು ಪಾಳಿ ಅಂದುಕೊಳ್ಳುತ್ತಾರೆ. ‘ನಾವು ಹೋದ ವರ್ಷ ಕೇಳೀವಿ, ಅವ್ರು ಈ ವರ್ಷ ಕೇಳ್ಯಾರ, ಅವ್ರದು ಮೊದ್ಲು ಹೆಂಗ ಬಂತು?’ ಇಲ್ಲಿ ಮೊದಲು ಬಂದವರಿಗೆ ಮೊದಲು ಅನ್ನುವುದೇ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತನಿಗೆ ನೀರು ಬರದೇ ಇರಬಹುದು, ಆದರೆ ಪಾಲು ಅಂತೂ ಇದೆ. ಬ್ಯಾಕ್‌ಲಾಗ್‌ನಲ್ಲಿರುವ ಬೇಡಿಕೆಗೆ ಪಾಲೂ ಇಲ್ಲ.

ಹಾಗಾದರೆ ಯಾವುದು ಮೇಲೆ ಬರುತ್ತದೆ? ಗಂಗಾವತಿಯ ಒಂದು ದಲಾಲಿ ಅಂಗಡಿಯ ಬೇಡಿಕೆಯನ್ನೇ ತಗೊಳ್ಳಿ. ನಮ್ಮ ಕಡೆ ಭತ್ತದ ರೇಟು ಮಾತಾಡುವುದು 75 ಕಿಲೋ ಚೀಲಕ್ಕೆ. ಸಾಫ್ಟ್‌ವೇರ್‌ಗೆ ಗೊತ್ತಿರುವುದು ಕ್ವಿಂಟಲ್. ಚೀಲಕ್ಕೆ 1,800 ರೂಪಾಯಿ ಇದ್ದರೆ ತಲೆನೋವಿಲ್ಲ, ಕ್ವಿಂಟಲ್‌ಗೆ ಸರಿಯಾಗಿ 2,400 ಆಗುತ್ತದೆ. 1,750 ಇದ್ದ ದಿನ ನೋಡಿ. ಗುಮಾಸ್ತ ಕ್ಯಾಲ್ಕುಲೇಟರ್ ಒತ್ತಿದರೆ 2,333.33 ಬಂದು, ಮುಂದೆ ಮೂರುಗಳ ಸಾಲು ನಿಲ್ಲುವುದೇ ಇಲ್ಲ. ಎರಡು ದಶಾಂಶಕ್ಕೆ ಹೊಡೆದು 412 ಚೀಲದ, ಅಂದ್ರೆ 309 ಕ್ವಿಂಟಲ್‌ನ ಬಿಲ್ ತೆಗೆದರೆ 7,20,998.97 ರೂಪಾಯಿ. ರೈತ ಬಾಯಲ್ಲೇ ಹಾಕಿದ ಲೆಕ್ಕ 7,21,000. ಒಂದು ರೂಪಾಯಿ ಮೂರು ಪೈಸೆ ಕಮ್ಮಿ. ರೂಪಾಯಿ ಯಾರಿಗೂ ದೊಡ್ಡದಲ್ಲ. ಆದರೆ ಚೀಟಿಯಲ್ಲಿ ಕಮ್ಮಿ ಕಂಡರೆ ಹಮಾಲಿಯಿಂದ ಹಿಡಿದು ತೂಕದವರೆಗೆ ಎಲ್ಲದರ ಮೇಲೂ ಅನುಮಾನ ಶುರುವಾಗುತ್ತದೆ. ಹಾಗಾಗಿ ಗುಮಾಸ್ತ ಪ್ರತಿ ಬಿಲ್ಲಿಗೂ ಕೈಯಿಂದ ರೌಂಡ್‌ಆಫ್ ಸೇರಿಸುತ್ತಾನೆ. ಅಂಗಡಿಯವರು ಬರೆದ ಬೇಡಿಕೆ ಒಂದೇ ಸಾಲು: ‘75 ಕಿಲೋ ಚೀಲದ ರೇಟ್ ಹಾಕಲು ಅವಕಾಶ ಕೊಡಿ.’

ಯಾವ ಕೆಲಸ ಮೊದಲು ಅಂತ ಕಂಪನಿಯಲ್ಲಿ ತೀರ್ಮಾನಿಸುವ ಪ್ರಾಡಕ್ಟ್ ಮ್ಯಾನೇಜರ್ ಮೇಜಿಗೆ ಈ ಸಾಲು ಹೋದಾಗ ಏನಾಗುತ್ತದೆ? ತುಂಬಾ ಕಂಪನಿಗಳು ಬಳಸುವ ಒಂದು ಲೆಕ್ಕ ಇಂಟರ್‌ಕಾಮ್ ಅನ್ನುವ ಕಂಪನಿಯಲ್ಲಿ ಹುಟ್ಟಿದ್ದು. ಅದರ ಹೆಸರು ರೈಸ್. ಹೌದು, ಅಕ್ಕಿಯ ಸ್ಪೆಲ್ಲಿಂಗೇ. ಗಂಗಾವತಿಯವರು ನಗಬಹುದು. ಎಷ್ಟು ಜನರಿಗೆ ತಲುಪುತ್ತದೆ, ಒಬ್ಬೊಬ್ಬರಿಗೂ ಎಷ್ಟು ಉಪಯೋಗ, ಈ ಅಂದಾಜಿನ ಮೇಲೆ ಎಷ್ಟು ಭರವಸೆ, ಈ ಮೂರನ್ನೂ ಗುಣಿಸಬೇಕು. ಬಂದದ್ದನ್ನು ಎಷ್ಟು ತಿಂಗಳ ದುಡಿಮೆ ಅನ್ನುವುದರಿಂದ ಭಾಗಿಸಬೇಕು. ಉಪಯೋಗಕ್ಕೆ 3ರಿಂದ 0.25ರವರೆಗೆ ಅಂಕ, ಭರವಸೆಗೆ ಶೇ 100, 80 ಅಥವಾ 50.

ನಮ್ಮ ಬೇಡಿಕೆಗೆ ಸುಮ್ನೆ ಅಂದಾಜಿನ ಅಂಕಿ ಹಾಕೋಣ. 200 ಅಂಗಡಿ, ಉಪಯೋಗ 1, ಭರವಸೆ ಶೇ 80, ಒಬ್ಬರ ಎರಡು ತಿಂಗಳ ಕೆಲಸ. ಅಂಕ 80. ಪಕ್ಕದಲ್ಲೇ ‘ಬಿಲ್ಲನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಬಟನ್ ಕೊಡಿ’ ಅನ್ನುವ ಬೇಡಿಕೆ ಇದೆ ಅಂದುಕೊಳ್ಳಿ. 10,000 ಗ್ರಾಹಕರು, ಉಪಯೋಗ 0.5, ಭರವಸೆ ಪೂರ್ತಿ, ಒಂದು ತಿಂಗಳ ಕೆಲಸ. ಅಂಕ 5,000. ನೀವು ಎಷ್ಟು ವರ್ಷ ಮೊದಲು ಕೇಳಿದ್ದೀರಿ ಅನ್ನುವುದಕ್ಕೆ ಈ ಲೆಕ್ಕದಲ್ಲಿ ಕಾಲಮ್ಮೇ ಇಲ್ಲ.

ಈ ಲೆಕ್ಕದ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ತಲೆ ಎಣಿಸುವ ಯಾವ ಪದ್ಧತಿಯಲ್ಲೂ ಒಂದು ಸೀಮೆಯ ರೂಢಿ ಸೋಲುತ್ತದೆ. ಬೆಂಗಳೂರಲ್ಲಿ ಕೂತವರಿಗೆ 75 ಕಿಲೋ ಅಂದ್ರೆ ಯಾರದೋ ವಿಚಿತ್ರ ಹಟ. ಆದರೆ ಅರ್ಧ ತಪ್ಪು ಬೇಡಿಕೆ ಬರೆದ ರೀತಿಯಲ್ಲೂ ಇದೆ. ಅಂಗಡಿಗೆ ನಿಜವಾಗಿ ಬೇಕಾದದ್ದು 75 ಅಲ್ಲ. ತೂಕ ಒಂದು ಅಳತೆಯಲ್ಲಿ, ರೇಟು ಇನ್ನೊಂದು ಅಳತೆಯಲ್ಲಿ ಇಡುವ ಅವಕಾಶ. ಆ ಕಣ್ಣಿನಿಂದ ನೋಡಿದರೆ ರಾಯಚೂರಿನ ಜಿನ್ನಿಂಗ್ ಮಿಲ್ಲುಗಳೂ ಇದೇ ಗುಂಪಿಗೆ ಬರುತ್ತವೆ. ಅರಳೆಯ ರೇಟು ಖಂಡಿಗೆ, ಅಂದ್ರೆ ಸುಮಾರು 356 ಕಿಲೋಗೆ. ಸಿಂಧನೂರಿನ ರೈಸ್ ಮಿಲ್ಲುಗಳೂ ಬರುತ್ತವೆ. 2022ರ ಜುಲೈನಲ್ಲಿ 25 ಕಿಲೋವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಿದ್ದ ಮೇಲೆ ಮಾರುಕಟ್ಟೆಗೆ 26 ಕಿಲೋ ಚೀಲಗಳು ಬಂದವಲ್ಲ, ನೆನಪಿದೆ ತಾನೆ? ‘ಯಾವುದೇ ತೂಕಕ್ಕೆ ರೇಟ್ ಹಾಕುವ ಅವಕಾಶ’ ಅಂತ ಬರೆದರೆ 200 ಅಂಗಡಿ 2,000 ಆಗಬಹುದು. ಕೆಲಸ ಹೆಚ್ಚುಕಮ್ಮಿ ಅಷ್ಟೇ. ಅಂಕ 80ರಿಂದ 800ಕ್ಕೆ. ಒಳ್ಳೆಯ ಪ್ರಾಡಕ್ಟ್ ಮ್ಯಾನೇಜರ್ ಆದರೆ ‘75 ಯಾಕೆ?’ ಅಂತ ಒಂದು ಫೋನ್ ಮಾಡಿ ಕೇಳುತ್ತಾನೆ. ಉಳಿದವರು ಪಟ್ಟಿಗೆ ಹಾಕಿ ಮೆಸೇಜ್ ಕಳಿಸುತ್ತಾರೆ.

ವೋಟಿನ ಬಗ್ಗೆಯೂ ಒಂದು ಮಾತು. ‘ಗ್ರೂಪಿನಲ್ಲಿ ಎಲ್ಲರೂ ಲೈಕ್ ಒತ್ತಿ, ನಮ್ಮದು ಮೇಲೆ ಬರಲಿ’ ಅಂತ ಓಡಾಡುವವರಿದ್ದಾರೆ. ಒತ್ತಲಿ, ತೊಂದರೆಯಿಲ್ಲ. ಅದು ಚುನಾವಣೆ ಅಲ್ಲ ಅಂತ ಗೊತ್ತಿದ್ದರೆ ಸಾಕು. ಟ್ವಿಟರ್‌ನಲ್ಲಿ ಎಡಿಟ್ ಬಟನ್ ಬೇಕು ಅಂತ ಬಳಕೆದಾರರು ವರ್ಷಗಟ್ಟಲೆ ಕೂಗಿದರು. ಜನ ಹಂಚಿಕೊಂಡ ಮೇಲೆ ಬರೆದವರು ಮಾತು ಬದಲಿಸಿದರೆ ಗತಿ ಏನು ಅನ್ನುವ ಪ್ರಶ್ನೆ ಅಡ್ಡ ನಿಂತಿತ್ತು. 2022ರಲ್ಲಿ ಕೊನೆಗೂ ಬಂದಾಗ 30 ನಿಮಿಷದ ಮಿತಿ ಇತ್ತು, ಹಳೆಯ ಮಾತೂ ಕಾಣುತ್ತಿತ್ತು, ಸಿಕ್ಕದ್ದು ದುಡ್ಡು ಕೊಟ್ಟವರಿಗೆ ಮಾತ್ರ. ಐಪ್ಯಾಡ್ ಬಂದದ್ದು 2010ರಲ್ಲಿ. ಅದಕ್ಕೆ ಆ್ಯಪಲ್ ತನ್ನದೇ ಕ್ಯಾಲ್ಕುಲೇಟರ್ ಕೊಟ್ಟದ್ದು 2024ರಲ್ಲಿ!

ಯಾವ ವೋಟೂ ಅಂಕವೂ ಇಲ್ಲದೆ ಎಲ್ಲವನ್ನೂ ಹಿಂದೆ ಹಾಕಿ ಬರುವ ಕೆಲಸವೂ ಇದೆ, ಕಾನೂನಿನದ್ದು. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ದರಗಳನ್ನು ಬದಲಿಸಿತು. 22ರಿಂದ ಜಾರಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನವರಿಗೆ ಸಿಕ್ಕದ್ದು ಮೂರು ವಾರಕ್ಕೂ ಕಮ್ಮಿ. ಆ ದಿನಗಳಲ್ಲಿ ನಿಮ್ಮ ಬೇಡಿಕೆ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ ಅಂದ್ರೆ ಅದಕ್ಕೆ ಯಾರ ಮೇಲೂ ಸಿಟ್ಟಾಗಬೇಕಿಲ್ಲ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ‘ಇಲ್ಲ’ ಅನ್ನಲು ಬಾಯಿ ಬರದ ಕಂಪನಿಗಳು ಬ್ಯಾಕ್‌ಲಾಗ್ ಅನ್ನುತ್ತವೆ. ಗ್ರಾಹಕ ಖುಷಿಯಾಗಿ ಫೋನ್ ಇಡುತ್ತಾನೆ, ಬೇಡಿಕೆ ಅಲ್ಲೇ ಕೊಳೆಯುತ್ತದೆ, ವರ್ಷ ಕಳೆದ ಮೇಲೆ ಯಾರೋ ಹಳೆಯದನ್ನೆಲ್ಲ ಒಟ್ಟಿಗೆ ಕ್ಲೋಸ್ ಮಾಡುತ್ತಾರೆ. ಬೇಸ್‌ಕ್ಯಾಂಪ್ ಕಂಪನಿ ಈ ಗೋಜೇ ಬೇಡ ಅಂತ ಬ್ಯಾಕ್‌ಲಾಗ್ ಇಡುವುದನ್ನೇ ಬಿಟ್ಟಿತು. ಅಲ್ಲಿ ಆರು ವಾರಕ್ಕೊಂದು ಸುತ್ತು. ಪ್ರತಿ ಸುತ್ತಿಗೆ ಮುಂಚೆ ಕೆಲವರು ಕೂತು ಈ ಸಲ ಯಾವುದಕ್ಕೆ ಕೈ ಹಾಕೋಣ ಅಂತ ತೀರ್ಮಾನಿಸುತ್ತಾರೆ. ಆಯ್ಕೆಯಾಗದ್ದನ್ನು ಕಂಪನಿ ಪಟ್ಟಿ ಮಾಡಿ ಹೊತ್ತುಕೊಂಡು ತಿರುಗುವುದಿಲ್ಲ. ನಿಜವಾಗಿ ಬೇಕಾದದ್ದಾದರೆ ಜನ ಮತ್ತೆ ಕೇಳೇ ಕೇಳುತ್ತಾರೆ ಅನ್ನುವುದು ಅವರ ವಾದ. ನಮ್ಮ ಕಡೆಯ ಗ್ರಾಹಕರ ವಿಷಯದಲ್ಲಂತೂ ಆ ವಾದಕ್ಕೆ ಎದುರಿಲ್ಲ.

ಮುಂದಿನ ಸಲ ‘ಬ್ಯಾಕ್‌ಲಾಗ್‌ನಲ್ಲಿದೆ’ ಅಂದರೆ ‘ಯಾವಾಗ?’ ಅಂತ ಕೇಳಬೇಡಿ. ಆ ಪಟ್ಟಿಯಲ್ಲಿ ತಾರೀಖು ಇರುವುದಿಲ್ಲ, ನಿಮ್ಮನ್ನು ಸಾಗಹಾಕಲು ಏನೋ ಒಂದು ಹೇಳುತ್ತಾರೆ. ‘ಇದನ್ನು ಯಾರಾದರೂ ಕೈಗೆ ತಗೊಂಡಿದ್ದಾರಾ? ಯಾವ ವರ್ಷನ್‌ನಲ್ಲಿ ಬರುತ್ತದೆ?’ ಅಂತ ಕೇಳಿ. ಹೆಸರಾಗಲಿ, ವರ್ಷನ್ ನಂಬರಾಗಲಿ ಸಿಗದಿದ್ದರೆ ಗುಮಾಸ್ತ ರೌಂಡ್‌ಆಫ್ ಮಾಡುವುದನ್ನು ಮುಂದುವರಿಸಲಿ. ‘ರೋಡ್‌ಮ್ಯಾಪ್‌ನಲ್ಲಿದೆ’ ಅಂದರೆ ಸ್ವಲ್ಪ ವಾಸಿ. ಕನಿಷ್ಠ ಯಾರೋ ಒಬ್ಬರು ಅದನ್ನು ಯಾವ ತ್ರೈಮಾಸಿಕಕ್ಕೆ ಹಾಕಬೇಕು ಅಂತ ಯೋಚಿಸಿದ್ದಾರೆ. ಆದರೆ ಆ ಪದವನ್ನೂ ‘ನೀಲನಕ್ಷೆ’ ಮಾಡಿ ಕಳಿಸುವವರಿದ್ದಾರೆ, ಅದರ ಪಂಚಾಯಿತಿ ಬೇರೆಯೇ ಮಾಡಬೇಕು.