ಕೆಂಪಿನಲ್ಲಿ ಅಡಗಿದ್ದ ಹೈಡ್

ಸಭ್ಯ ವೈದ್ಯ ಜೆಕಿಲ್ ತನ್ನನ್ನು ಹೈಡ್ ಎಂಬ ಕ್ರೂರಿಯಾಗಿ ಬದಲಿಸುವ, ತಾನೇ ತಯಾರಿಸಿದ ಮದ್ದನ್ನು ಕುಡಿಯುತ್ತಾನೆ. ಕ್ಯಾಮೆರಾ ಅವನ ಮುಖದಿಂದ ಕದಲದೆ ನಿಂತಿರುವಾಗಲೇ ಕೆನ್ನೆಗಳು ಗುಳಿ ಬಿದ್ದಂತಾಗುತ್ತವೆ, ಚರ್ಮದ ಮೇಲೆ ಕಪ್ಪು ಗೆರೆಗಳು ಒಳಗಿನಿಂದ ಎದ್ದು ಬಂದಂತೆ ಮೂಡುತ್ತವೆ. ರಾಬರ್ಟ್ ಲೂಯಿ ಸ್ಟೀವನ್‌ಸನ್ 1886ರಲ್ಲಿ ಪ್ರಕಟಿಸಿದ ಕಿರುಕಾದಂಬರಿಯನ್ನು ಆಧರಿಸಿ ರೂಬೆನ್ ಮಮೂಲಿಯನ್ 1931ರಲ್ಲಿ ನಿರ್ದೇಶಿಸಿದ ಹಾಲಿವುಡ್ ಚಿತ್ರದ ದೃಶ್ಯವಿದು. ಈ ಮೊದಲ ಬದಲಾವಣೆಯ ನಡುವೆ ಕತ್ತರಿ ಪ್ರಯೋಗವಿಲ್ಲ. ಒಂದು ಚಿತ್ರವನ್ನು ಕರಗಿಸಿ ಇನ್ನೊಂದನ್ನು ಮೂಡಿಸುವ ಹಳೆಯ ಉಪಾಯವೂ ಇಲ್ಲ. ಇದನ್ನು ಹೇಗೆ ಸಾಧಿಸಿದೆವು ಎಂಬ ಗುಟ್ಟನ್ನು ಮಮೂಲಿಯನ್ ದಶಕಗಳ ಕಾಲ ಬಿಟ್ಟುಕೊಡಲಿಲ್ಲ.

ಗುಟ್ಟು ಇದ್ದದ್ದು ಬಣ್ಣದಲ್ಲಿ. ಬಿಳಿ ಹಾಳೆಯ ಮೇಲೆ ಕೆಂಪು ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಉಡುಗೊರೆಗೆ ಸುತ್ತುವ ಕೆಂಪು ಜಿಲೆಟಿನ್ ಕಾಗದದ ಮೂಲಕ ನೋಡಿದರೆ ಗೆರೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಬಿಳಿ ಹಾಳೆ ಎಲ್ಲ ಬಣ್ಣದ ಬೆಳಕನ್ನೂ ಪ್ರತಿಫಲಿಸುತ್ತದೆ, ಆದರೆ ಜಿಲೆಟಿನ್ ಅದರಲ್ಲಿ ಕೆಂಪನ್ನು ಮಾತ್ರ ಕಣ್ಣಿಗೆ ಬಿಡುತ್ತದೆ. ಗೆರೆಯಿಂದ ಬರುವುದೂ ಕೆಂಪು ಬೆಳಕೇ ಆದ್ದರಿಂದ ಎರಡರ ನಡುವೆ ವ್ಯತ್ಯಾಸವೇ ಉಳಿಯುವುದಿಲ್ಲ. ಅದೇ ಗೆರೆಯನ್ನು ಹಸಿರು ಜಿಲೆಟಿನ್ ಮೂಲಕ ನೋಡಿ. ಕೆಂಪು ಬಣ್ಣವು ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ ಗೆರೆ ಈಗ ಕಡುಕಪ್ಪು.

ಹಾಳೆಯ ಜಾಗದಲ್ಲಿ ನಟ ಫ್ರೆಡ್ರಿಕ್ ಮಾರ್ಚ್ ಅವರ ಮುಖವನ್ನು ಇಟ್ಟುಕೊಂಡರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಮುಖದ ಮೇಲೆ ಕೆಂಪು ಪ್ರಸಾಧನದಿಂದ ಹೈಡ್‌ನ ಗೆರೆ, ನೆರಳುಗಳನ್ನು ಮೊದಲೇ ಬರೆದಿಟ್ಟು, ಕೆಂಪು ಫಿಲ್ಟರಿನಿಂದ ಅವನ್ನು ಮುಚ್ಚಿಟ್ಟು, ಚಿತ್ರೀಕರಣ ನಡೆಯುತ್ತಿರುವಂತೆಯೇ ಫಿಲ್ಟರನ್ನು ಮೆಲ್ಲಗೆ ಬದಲಾಯಿಸುವುದು: ಉಪಾಯ ಇಷ್ಟೇ. ಛಾಯಾಗ್ರಾಹಕ ಕಾರ್ಲ್ ಸ್ಟ್ರಸ್ ಇದನ್ನು 1925ರ ‘ಬೆನ್-ಹರ್’ ಚಿತ್ರದಲ್ಲಿ ತಿರುವುಮುರುವಾಗಿ ಬಳಸಿ, ಕುಷ್ಠರೋಗಿಗಳ ಮುಖದ ಕಲೆಗಳು ನೋಡನೋಡುತ್ತಲೇ ಮಾಸಿಹೋಗುವಂತೆ ಮಾಡಿದ್ದರು.

ಆದರೆ ಇದಕ್ಕೆ ಕೆಂಪನ್ನು ಕಾಣಬಲ್ಲ ಫಿಲ್ಮ್ ಬೇಕಿತ್ತು. ಫಿಲ್ಮಿನ ಮೇಲಿನ ಬೆಳ್ಳಿಯ ಲವಣಗಳಿಗೆ ಸಹಜವಾಗಿ ನೀಲಿ ಮತ್ತು ಅತಿನೇರಳೆ ಬೆಳಕಷ್ಟೇ ತಟ್ಟುತ್ತದೆ. ಸೂಕ್ತ ವರ್ಣದ್ರವ್ಯ ಬೆರೆಸಿದರೆ ಈ ಮಿತಿಯನ್ನು ಹಿಗ್ಗಿಸಬಹುದೆಂದು ಜರ್ಮನಿಯ ಹರ್ಮನ್ ವಿಲ್ಹೆಲ್ಮ್ ಫೋಗಲ್ 1873ರಲ್ಲಿ ಕಂಡುಕೊಂಡರು. ಅದರಿಂದ ಹಸಿರನ್ನೂ ಗ್ರಹಿಸುವ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್ ಬಂತು. ಆದರೂ ಕೆಂಪು ಅದಕ್ಕೆ ಕತ್ತಲೆಯೇ. ಹಳೆಯ ಸ್ಟುಡಿಯೋ ಫೋಟೋಗಳಲ್ಲಿ ಹಣೆಯ ಕುಂಕುಮ ಕಾಡಿಗೆಯ ಬೊಟ್ಟಿನಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಅಂಥ ಫಿಲ್ಮಿನ ಎದುರು ಕೆಂಪು ಫಿಲ್ಟರ್ ಹಿಡಿದಿದ್ದರೆ ಜೆಕಿಲ್ಲೂ ಇಲ್ಲ, ಹೈಡೂ ಇಲ್ಲ, ಪರದೆ ತುಂಬ ಬರೀ ಕತ್ತಲು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ 1920ರ ದಶಕದ ಕೊನೆಗೆ ಹಾಲಿವುಡ್‌ನಲ್ಲಿ ರೂಢಿಗೆ ಬಂದದ್ದರಿಂದಲೇ ಮಮೂಲಿಯನ್ ಅವರಿಗೆ ಈ ದಾರಿ ತೆರೆದಿತ್ತು.

ಫಿಲ್ಟರ್ ಗೆರೆ ಮೂಡಿಸಬಲ್ಲದು, ಕೋರೆಹಲ್ಲು ಬೆಳೆಸಲಾರದು. ಹೈಡ್‌ನ ಹಲ್ಲು, ಕೂದಲು, ಅಗಲ ಮೂಗಿಗೆ ವಾಲಿ ವೆಸ್ಟ್‌ಮೋರ್ ಅವರ ಪ್ರಸಾಧನ ಕಲೆಯೇ ಬೇಕಾಯಿತು, ಅದಕ್ಕಾಗಿ ಚಿತ್ರೀಕರಣವನ್ನು ನಿಲ್ಲಿಸಲೂಬೇಕಾಯಿತು. ಪೂರ್ತಿ ವೇಷ ತೊಟ್ಟ ಹೈಡ್ ನನಗೆ ಅಷ್ಟೇನೂ ಭಯಂಕರವಾಗಿ ತೋರುವುದಿಲ್ಲ. ಎದೆ ಝಲ್ಲೆನಿಸುವುದು ಆ ಮೊದಲ ಕೆಲವು ಕ್ಷಣಗಳೇ. ಮಾರ್ಚ್ ಅವರಿಗೆ ಈ ಪಾತ್ರ ಆಸ್ಕರ್ ತಂದುಕೊಟ್ಟಿತು. ಆ ವರ್ಷದ ಶ್ರೇಷ್ಠ ನಟ ಪ್ರಶಸ್ತಿಯನ್ನು ಅವರು ವ್ಯಾಲೇಸ್ ಬೀರಿ ಅವರೊಂದಿಗೆ ಹಂಚಿಕೊಂಡರು.

ವರ್ಣಚಿತ್ರದಲ್ಲಿ ಈ ತಂತ್ರ ನಡೆಯುತ್ತಿರಲಿಲ್ಲ, ಏಕೆಂದರೆ ಮುಖದ ಜೊತೆಗೆ ಇಡೀ ಪರದೆಯೇ ಕೆಂಪಾಗಿ, ಬಳಿಕ ಹಸಿರಾಗಿ ಗುಟ್ಟು ರಟ್ಟಾಗುತ್ತಿತ್ತು. ಬೂದು ಛಾಯೆಯಷ್ಟನ್ನೇ ಉಳಿಸಿಕೊಳ್ಳುವ ಫಿಲ್ಮ್ ಫಿಲ್ಟರಿನ ಬಣ್ಣವನ್ನು ಮರೆತು, ಅದರ ಪರಿಣಾಮವನ್ನು ಮಾತ್ರ ದಾಖಲಿಸಿತು. ಕ್ಯಾಮೆರಾದ ಪಕ್ಕದಲ್ಲಿ ನಿಂತು ಬರಿಗಣ್ಣಿನಿಂದ ನೋಡುತ್ತಿದ್ದವರಿಗೆ ಮಾತ್ರ ಯಾವ ಪರಿವರ್ತನೆಯೂ ಕಂಡಿರಲಾರದು. ಅವರ ಎದುರು ಇದ್ದದ್ದು ಮೊದಲಿನಿಂದ ಕೊನೆಯವರೆಗೂ ಮುಖಕ್ಕೆ ಕೆಂಪು ಗೆರೆ ಬಳಿದುಕೊಂಡು ಮೋರೆ ಸೊಟ್ಟಗೆ ಮಾಡುತ್ತಿದ್ದ ಒಬ್ಬ ನಟ.